ಚಿಕ್ಕಪ್ಪನೂ ಕ್ಲಚ್ ಪ್ಲೇಟೂ

"ಸರಿ, ಬೇಗ ಮುಗ್ಸು" ಅಂದರು ಚಿಕ್ಕಪ್ಪ. ಅಷ್ಟೇ. ಮಂಗಳವಾರದಿಂದ ನನ್ನ ತಲೆಯಲ್ಲಿ ಅದೇ ಮಾತು ಸುತ್ತುತ್ತಿದೆ.

ಚಿಕ್ಕಪ್ಪನ ತೋಟದ ಪಿಕಪ್ ಗಾಡಿಯ ವಿಷಯ. ಕೈಮರ ದಾಟಿ ಏರು ಸಿಕ್ಕಿದ ಕೂಡಲೇ ಇಂಜಿನ್ ಅರಚಿಕೊಳ್ಳೋದು, ಗಾಡಿ ಮಾತ್ರ ತೆವಳೋದು. ಖಾಲಿ ಓಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಗೊಬ್ಬರದ ಮೂಟೆ ತುಂಬಿಕೊಂಡು ಅತ್ತಿಗುಂಡಿ ಕಡೆ ಹತ್ತುವಾಗ ಮೂರನೇ ಗೇರಲ್ಲಿ ಎಷ್ಟು ಒತ್ತಿದರೂ ಸದ್ದು ಏರುತ್ತಿತ್ತೇ ಹೊರತು ಸ್ಪೀಡ್ ಏರುತ್ತಿರಲಿಲ್ಲ. ಜೊತೆಗೆ ಆ ಸುಟ್ಟ ವಾಸನೆ. ಡೀಸೆಲ್ ಫಿಲ್ಟರ್ ಕಟ್ಟಿದೆ ಅಂತ ಚಿಕ್ಕಪ್ಪನ ಅಳಿಯ ಮಹಾಶಯರು ಫೋನಿನಲ್ಲೇ ತೀರ್ಪು ಕೊಟ್ಟು ಫಿಲ್ಟರ್ ಬದಲಾಯಿಸಿಯೂ ಆಯಿತು. ಅವರು ಬೆಂಗಳೂರಲ್ಲಿ ಓಡಿಸೋದು ಆಟೋಮ್ಯಾಟಿಕ್ ಕಾರು.

ಚಿಕ್ಕಪ್ಪ ಮಾತ್ರ ಮೊದಲಿಂದಲೂ ಒಂದೇ ಮಾತು: "ಇವನ ಕಾಲು ಸರಿಯಿಲ್ಲ." ಅಂದರೆ ಡ್ರೈವರ್ ಸದಾ ಕ್ಲಚ್ ಪೆಡಲ್ ಮೇಲೇ ಕಾಲಿಟ್ಟುಕೊಂಡು ಓಡಿಸುತ್ತಾನೆ, ಅದಕ್ಕೇ ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸೋ ಕ್ಲಚ್ ಪ್ಲೇಟ್ ಸವೆದಿದೆ ಅಂತ. ಹಿಂದಿನ ವರ್ಷವಷ್ಟೇ ಪೇಟೆಯ ಒಂದು ಗ್ಯಾರೇಜಿನಲ್ಲಿ ಹೊಸ ಪ್ಲೇಟ್ ಹಾಕಿಸಿದ್ದರು. ಇಷ್ಟು ಬೇಗ ಹೋಯಿತಲ್ಲ ಅನ್ನೋ ಸಿಟ್ಟಿಗೆ ಅವನ ಸಂಬಳದಲ್ಲಿ ದುಡ್ಡು ಹಿಡಿದಿದ್ದೂ ಆಗಿತ್ತು. ಕೆಟ್ಟವರೇನಲ್ಲ ಚಿಕ್ಕಪ್ಪ. ಆಳಿಗೆ ಹುಷಾರಿಲ್ಲ ಅಂದರೆ ರಾತ್ರಿ ಹನ್ನೆರಡಕ್ಕೂ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಆದರೆ ಏನೇ ಕೆಡಲಿ, ಕೆಡಿಸಿದವನೊಬ್ಬ ಇರಲೇಬೇಕು ಅವರಿಗೆ.

ಈ ಸಲ ಬೇರೆ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೇಸ್ತ್ರಿ ಮೊದಲು ಗಾಡಿಯನ್ನು ನಿಂತಲ್ಲೇ ಪರೀಕ್ಷೆ ಮಾಡಿದ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಕ್ಲಚ್ ಬಿಟ್ಟ. ಕ್ಲಚ್ ಸರಿಯಿದ್ದರೆ ಇಂಜಿನ್ ಗಕ್ಕನೆ ನಿಲ್ಲಬೇಕು. ಇದು ಗುರ್ ಅಂತ ಓಡುತ್ತಲೇ ಇತ್ತು. "ಇನ್ನೊಂದ್ಸಲ ತೋರ್ಸು" ಅಂದರು ಚಿಕ್ಕಪ್ಪ. ಅವನು ತೋರಿಸಲಿಲ್ಲ. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತೆ ಅಂದ. ಆಗಲೇ ನನಗೆ ಮನುಷ್ಯ ಹಿಡಿಸಿದ.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸಿಗೆ ಜಾಕ್ ಕೊಟ್ಟು ಹಿಂದಕ್ಕೆ ಎಳೆಯೋ ಹೊತ್ತಿಗೆ ಊಟದ ಸಮಯವಾಗಿತ್ತು. ಪ್ರೆಶರ್ ಪ್ಲೇಟ್ ಕಳಚಿ ಕ್ಲಚ್ ಪ್ಲೇಟ್ ಕೈಗೆ ತೆಗೆದುಕೊಂಡ. ಎರಡೂ ಕಡೆ ಸವೆದು ರಿವೆಟ್ ತಲೆ ಮೇಲೆದ್ದಿತ್ತು. "ನೋಡ್ದಾ? ನಾ ಹೇಳ್ಲಿಲ್ವಾ?" ಅಂತ ಚಿಕ್ಕಪ್ಪ ಡ್ರೈವರ್ ಕಡೆ ತಿರುಗಿದರು. ಅವನು ಜಾಕಿನ ಹಿಡಿ ಹಿಡಿದುಕೊಂಡು ನಿಂತಿದ್ದ, ಮಾತಿಲ್ಲ.

ಮೇಸ್ತ್ರಿ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದ. ಸದ್ದಿಲ್ಲದೆ ತಿರುಗಿತು. "ಪೆಡಲ್ ಮೇಲೆ ಕಾಲಿಟ್ಟೇ ಓಡ್ಸೋರಾದ್ರೆ ಇದು ಮೊದ್ಲು ಕೂಗ್ಬೇಕಿತ್ತು." ಆಮೇಲೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಳಗೆ ಬೆರಳಾಡಿಸಿದ. ಅಲ್ಲಿ ಒಣ ಪುಡಿ ಇರಬೇಕಿತ್ತಂತೆ. ಬೆರಳಿಗೆ ಬಂದದ್ದು ಕಾಡಿಗೆಯಂಥ ಕಪ್ಪು ಅಂಟು. ಮೂಸಿ ನೋಡಿದ. ಗೇರ್ ಆಯಿಲ್ ಆದರೆ ಬೇರೆಯದೇ ಘಾಟು, ಇದು ಇಂಜಿನ್ ಆಯಿಲ್ ಅಂದ. ಪ್ಲೇಟ್ ಒತ್ತಿಕೊಳ್ಳೋ ಫ್ಲೈವೀಲ್ ಹಿಂದೆ, ಇಂಜಿನ್ನಿನ ಕ್ರ್ಯಾಂಕಿನ ತುದಿಯಲ್ಲಿ ಕೂತಿರುವ ಆಯಿಲ್ ಸೀಲ್ ಸೋರುತ್ತಿದೆ. ಎಣ್ಣೆ ಪ್ಲೇಟಿಗೆ ಹಾರಿ ಹಿಡಿತ ಹೋಗಿದೆ, ಜಾರಿ ಜಾರಿ ಕಾದಿದೆ, ಕಾದು ಸವೆದಿದೆ. ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ ಎದ್ದಿದ್ದೂ ಆ ಕಾವಿಗೇ.

"ಹೋದ್ಸಲ ಪ್ಲೇಟ್ ಹಾಕ್ದಾಗ ಸೀಲ್ ನೋಡಿರ್ಲಿಲ್ವಾ ಅವ್ರು?" ಅಂತ ಚಿಕ್ಕಪ್ಪನನ್ನು ಕೇಳಿದ.

"ಅದೆಲ್ಲ ನಂಗೊತ್ತಿಲ್ಲ."

"ಮೂಸಿ ಸಾರ್" ಅಂತ ಮೇಸ್ತ್ರಿ ಬೆರಳು ಮುಂದೆ ಹಿಡಿದ. ಚಿಕ್ಕಪ್ಪ ಬಗ್ಗಿ ಮೂಸಿದರು. ಡ್ರೈವರ್ ನೋಡುತ್ತಿದ್ದ, ನಾನು ನೋಡುತ್ತಿದ್ದೆ, ಸ್ಪ್ಯಾನರ್ ಒರೆಸುತ್ತಿದ್ದ ಹುಡುಗನೂ ನೋಡುತ್ತಿದ್ದ. ಚಿಕ್ಕಪ್ಪ ನೆಟ್ಟಗಾಗಿ ಕರ್ಚೀಫ್ ತೆಗೆದು ಮೂಗು ಒರೆಸಿಕೊಂಡು, "ಸರಿ, ಬೇಗ ಮುಗ್ಸು" ಅಂದರು.

ಮುಗಿಸಿದ. ಫ್ಲೈವೀಲ್ ಲೇತಿಗೆ ಹೋಗಿ ಬಂತು, ಹೊಸ ಸೀಲ್ ಕೂತಿತು, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಹೊಸವು. ಪ್ಲೇಟಿನ ನಡುವೆ ಡಮ್ಮಿ ಶಾಫ್ಟ್ ತೂರಿಸಿ ಸೆಂಟರ್ ಹಿಡಿದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದ. ಬಿಲ್ಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಆ ಸೀಲೇ.

ನನಗೆ ಕಾಡುವುದು ಚಿಕ್ಕಪ್ಪನ ಮಾತಿಗಿಂತ ಡ್ರೈವರ್‌ನ ಮೌನ. ಇಷ್ಟು ವರ್ಷ ಘಾಟಿ ಓಡಿಸಿದವನಿಗೆ ತನ್ನ ಕಾಲು ಎಲ್ಲಿರುತ್ತದೆ ಅಂತ ಗೊತ್ತಿರಲಿಲ್ಲವೇ? ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರೋ ಕಾರುಗಳ ಸಾಲಿನ ಹಿಂದೆ, ತುಂಬಿದ ಗಾಡಿಯನ್ನು ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆದು ಕಾಯೋದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ. ಆದರೂ ಬಾಯಿ ಬಿಡಲಿಲ್ಲ. ಮಗಳ ಕಾಲೇಜಿಗೆ ಅಂತ ತೆಗೆದುಕೊಂಡ ಮುಂಗಡ ಇನ್ನೂ ತೀರಿಲ್ಲ. ಸಾಲ ಇಟ್ಟುಕೊಂಡವನು ಧಣಿಯ ಹತ್ತಿರ ಆಯಿಲ್ ಸೀಲಿನ ವಾದ ಮಾಡುತ್ತಾನೆಯೇ? ತೋಟದಲ್ಲಿ ಪಂಪ್‌ಸೆಟ್ ಸುಟ್ಟರೆ ಸ್ವಿಚ್ ಹಾಕಿದವನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಕೆಟ್ಟರೆ ಹಣ್ಣು ಸುರಿದವನು, ಹಸು ಹಾಲು ಕಮ್ಮಿ ಮಾಡಿದರೆ ಕರೆದವಳು. ಕೊನೆಗೆ ಮುಟ್ಟಿದವರ ಹೆಸರೇ ಬರುತ್ತದೆ. ವೋಲ್ಟೇಜ್ ಎಷ್ಟಿತ್ತು, ಹಸುವಿಗೆ ಏನು ಹಾಕಿದ್ದರು ಅಂತ ಕೇಳುವವರಿಲ್ಲ. ನಮ್ಮ ಮನೆಯದ್ದೇ ಕಥೆಯಲ್ಲ, ಈ ಕಡೆಯ ಯಾವ ತೋಟಕ್ಕೆ ಹೋದರೂ ಇದೇ.

ಗಾಡಿ ಈಗ ಮೂಟೆ ಹೊತ್ತು ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತಿದೆ. ಗ್ಯಾರೇಜಿನ ಬಿಲ್ಲನ್ನು ಚಿಕ್ಕಪ್ಪ ಚೌಕಾಸಿ ಮಾಡದೆ ಕೊಟ್ಟರು. ಹಿಡಿದ ಸಂಬಳದ ಮಾತು ಮಾತ್ರ ಯಾರೂ ಎತ್ತಿಲ್ಲ. ಈ ಭಾನುವಾರ ಊಟಕ್ಕೆ ಕರೆದಿದ್ದಾರೆ, ಅಳಿಯನೂ ಬರುತ್ತಾನಂತೆ. ಚಿಕ್ಕಮ್ಮನಿಗೆ ಆಗಲೇ ಫೋನ್ ಮಾಡಿ ಎಲ್ಲಾ ಹೇಳಿಟ್ಟಿದ್ದೇನೆ. ಕೋಳಿಸಾರು ಬಡಿಸುವ ಹೊತ್ತಿಗೆ ನಾನು ಕೇಳುವುದು, ಅವರು ದನಿಗೂಡಿಸುವುದು ಅಂತ ಒಪ್ಪಂದ.