ಸತ್ತವರ ನಂಬರ್ ಲಾಕ್
ಕೈಮಡದಲ್ಲಿ (ಹಿರಿಯರ ಗುಡಿ) ದೀಪ ಹಚ್ಚಿ ಕಾರಣನಿಗೆ, ಅಂದರೆ ಮನೆತನದ ಮೂಲಪುರುಷನಿಗೆ, ಮೀದಿ (ಎಡೆ) ಇಡುವ ಕೊಡಗಿನ ಮನೆಗಳಲ್ಲಿ ಸತ್ತವರು ಇದ್ದಾರೆ ಅನ್ನೋದಕ್ಕೆ ಯಾರೂ ಪುರಾವೆ ಕೇಳಲ್ಲ. ಕೇಳಿದವರ ಪಾಡೇ ಕಷ್ಟ.

ಸತ್ತ ಮೇಲೆ ತಮ್ಮ ಆತ್ಮ ಒಳಗಿನ ಮಾತನ್ನು ತಿಳಿಸಬಲ್ಲದೇ ಅಂತ ಪರೀಕ್ಷಿಸಲು, ಇಂಗ್ಲೆಂಡಿನ ಅತೀಂದ್ರಿಯ ಸಂಶೋಧಕ ಫ್ರೆಡರಿಕ್ ಮೈಯರ್ಸ್ ಮೊಹರು ಮಾಡಿದ ಲಕೋಟೆ ಬಿಟ್ಟು 1901ರಲ್ಲಿ ತೀರಿಕೊಂಡರು. 1904ರಲ್ಲಿ ಒಡೆದರೆ, 'ಅವರ ಆತ್ಮ ಬರೆಸಿದ್ದು' ಎಂದು ಒಬ್ಬರು ಬರೆದದ್ದಕ್ಕೂ ಒಳಗಿನ ಚೀಟಿಗೂ ತಾಳೆಯೇ ಇಲ್ಲ. ಲಕೋಟೆ ಒಮ್ಮೆ ಒಡೆದರೆ ಪರೀಕ್ಷೆಯೂ ಮುಗೀತು. ಅದಕ್ಕೇ ಪುನರ್ಜನ್ಮದ ಬಗ್ಗೆ ಸಂಶೋಧಿಸಿದ ಮನೋವೈದ್ಯ ಇಯಾನ್ ಸ್ಟೀವನ್ಸನ್ ನಂಬರ್ ಲಾಕ್ ಹಿಡಿದರು: ತಪ್ಪು ಅಂಕಿ ಹಾಕಿದರೂ ಬೀಗ ಕೆಡಲ್ಲ, ಮತ್ತೆ ತಿರುಗಿಸಬಹುದು. ಬದುಕಿದ್ದಾಗ ತಾವೇ ಬೀಗಕ್ಕೆ ಅಂಕಿ ಹೊಂದಿಸಿಟ್ಟು, ಸತ್ತ ಮೇಲೆ ಅದನ್ನು ತಿಳಿಸಬೇಕು. ಅಲ್ಲಿವರೆಗೆ ಅಂಕಿಯನ್ನು ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು. ಬದುಕಿರುವ ಒಬ್ಬರಿಗೆ ಗೊತ್ತಿದ್ದರೂ 'ಅವರ ಮನಸ್ಸನ್ನೇ ಓದಿರಬಹುದು' ಎಂಬ ಆಕ್ಷೇಪ ಏಳುತ್ತೆ.

ಬೀಗ ತೆರೆದುಕೊಂಡರೂ, 'ಬೀಗದ ಒಳಗನ್ನೇ ದಿವ್ಯದೃಷ್ಟಿಯಿಂದ ಕಂಡಿರಬಹುದಲ್ಲ?' ಅಂತಾರೆ ಕೆಲವು ತತ್ತ್ವಶಾಸ್ತ್ರಜ್ಞರು. ತರಲೆ ಅನ್ನಿಸಿದರೂ ಗಟ್ಟಿ ಪ್ರಶ್ನೆ ಅದು.