ವರದಿಯಲ್ಲಿ ಪ್ರತಿ ಸಲವೂ ಬರುವ ಅದೇ ಸಾಲು

ಸೇತುವೆ ತಪಾಸಣೆ ನನ್ನ ಕೆಲಸ. ಹಳೆಯ ಸೇತುವೆಗಳ ಅಡಿಗೆ ಇಳಿದು ಗರ್ಡರ್ (ರಸ್ತೆಯನ್ನು ಹೊರುವ ಉದ್ದ ತೊಲೆ), ಬೇರಿಂಗ್ (ತೊಲೆಗೂ ಕಂಬಕ್ಕೂ ನಡುವೆ ಇರುವ ಆಸರೆ), ಕಂಬ ಎಲ್ಲವನ್ನೂ ಹತ್ತಿರದಿಂದ ನೋಡುತ್ತೇವೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತೇವೆ. ಆಮೇಲೆ ವರದಿ ಬರೆಯುತ್ತೇವೆ. ಹೊಸದಾಗಿ ಸೇರುವವರು ಮೊದಲು ಕೇಳುವುದು ಬಿರುಕಿನ ಬಗ್ಗೆ. ಎಷ್ಟು ಅಗಲವಾದರೆ ಅಪಾಯ, ಯಾವ ಕಡೆ ಹೋಗಿದ್ದರೆ ಗಾಬರಿಪಡಬೇಕು ಅಂತ. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ನಾನು ಅವರ ಕೈಗೆ ಮೊದಲು ಕೊಡುವುದು ಆ ಸೇತುವೆಯ ಹಳೆಯ ವರದಿಗಳನ್ನು. ಯಾವ ಸಾಲು ಪ್ರತಿ ಸಲವೂ ಬಂದಿದೆ ನೋಡಿ ಅನ್ನುತ್ತೇನೆ.

ಹೆಚ್ಚಾಗಿ ಸಿಗುವ ಸಾಲು ಇದು: "ಮಳೆನೀರು ಹೋಗುವ ಕೊಳವೆಗಳು ಕಟ್ಟಿಕೊಂಡಿವೆ. ಸ್ವಚ್ಛ ಮಾಡಿಸಬೇಕು." ಮುಂದಿನ ವರದಿಯಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಓದುವವರಿಗೆ ಇದು ಕಸ ಗುಡಿಸುವ ವಿಷಯ ಅನ್ನಿಸುತ್ತದೆ. ಸೇತುವೆ ಬೀಳುವುದಕ್ಕೂ ಇದಕ್ಕೂ ಏನು ಸಂಬಂಧ ಅಂದುಕೊಳ್ಳುತ್ತಾರೆ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫರ್ನ್ ಹಾಲೋ ಸೇತುವೆ 2022ರ ಜನವರಿ 28ರ ಬೆಳಗ್ಗೆ ಕುಸಿಯಿತು. ಮೇಲೆ ಒಂದು ಬಸ್ಸು, ಕೆಲವು ಕಾರುಗಳಿದ್ದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದನ್ನು ಕಟ್ಟಿದ್ದು ಬಣ್ಣ ಬಳಿಯದೆ ಬಳಸುವ ಒಂದು ಬಗೆಯ ಉಕ್ಕಿನಲ್ಲಿ. ಅದರ ಮೇಲೆ ಮೂಡುವ ತುಕ್ಕಿನ ತೆಳು ಪದರವೇ ಒಳಗಿನ ಲೋಹವನ್ನು ಕಾಪಾಡುತ್ತದೆ. ಆದರೆ ಆ ಪದರ ಗಟ್ಟಿಯಾಗಬೇಕಾದರೆ ಉಕ್ಕು ಒದ್ದೆಯಾದ ಮೇಲೆ ಒಣಗಬೇಕು. ಅಲ್ಲಿ ನೀರು ಹೋಗುವ ದಾರಿ ಕಟ್ಟಿಕೊಂಡಿತ್ತು. ಸೇತುವೆಯ ಕಾಲುಗಳ ಮೇಲೆ ನೀರು ಇಳಿಯುತ್ತಿತ್ತು, ಕಸಕಡ್ಡಿ ಸೇರಿ ತೇವ ಆರುತ್ತಲೇ ಇರಲಿಲ್ಲ. ಉಕ್ಕು ತಿಂದು ತಿಂದು ತೆಳುವಾಯಿತು. ತಪಾಸಣೆ ಮಾಡಿದವರು ಇದನ್ನು ನೋಡಿದ್ದರು. ಎಷ್ಟೋ ವರ್ಷ ವರದಿಗಳಲ್ಲಿ ಬರೆದಿದ್ದರು. ಮತ್ತೆ ಮತ್ತೆ ಹೇಳಿದ ದುರಸ್ತಿಯನ್ನು ಮಾಡದೇ ಇದ್ದದ್ದೇ ಕಾರಣ ಅಂತ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಅದನ್ನು ಓದುವಾಗ ನನಗೆ ನಮ್ಮ ಕಪಾಟಿನಲ್ಲಿರುವ ಕಡತಗಳೇ ಕಣ್ಣ ಮುಂದೆ ಬಂದವು.

ಅಮೆರಿಕದ್ದೇ ಕನೆಕ್ಟಿಕಟ್ ರಾಜ್ಯದ ಮಿಯಾನಸ್ ನದಿ ಸೇತುವೆಯದೂ ನೀರಿನ ಕತೆಯೇ. ಅಲ್ಲಿ ಹೊಸದಾಗಿ ಡಾಂಬರು ಹಾಕುವಾಗ ನೀರು ಹೋಗುವ ಕಿಂಡಿಗಳನ್ನೇ ಮುಚ್ಚಿದ್ದರು. ನೀರು ಜಾಯಿಂಟುಗಳಲ್ಲಿ, ಅಂದರೆ ಸೇತುವೆಯ ತುಂಡುಗಳು ಕೂಡುವ ಸಂದುಗಳಲ್ಲಿ ಇಳಿದು, ಒಂದು ತುಂಡನ್ನು ಹಿಡಿದುಕೊಂಡಿದ್ದ ಉಕ್ಕಿನ ಪಟ್ಟಿಗಳ ಪಿನ್ನುಗಳಿಗೆ ತುಕ್ಕು ಹತ್ತಿತು. ತುಕ್ಕು ಲೋಹವನ್ನು ಸವೆಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದು ಉಬ್ಬುತ್ತದೆ ಅನ್ನುವುದನ್ನು ಮರೆಯುತ್ತೇವೆ. ಇಕ್ಕಟ್ಟಿನಲ್ಲಿ ಉಬ್ಬಿದ ತುಕ್ಕು ಅಂಥ ಒಂದು ಪಟ್ಟಿಯನ್ನು ಪಿನ್ನಿನಿಂದ ಆಚೆಗೆ ತಳ್ಳಿತು. 1983ರ ಜೂನ್ 28ರಂದು ಹೆದ್ದಾರಿಯ ಆ ತುಂಡು ಪೂರ್ತಿ ಕೆಳಗೆ ಬಿತ್ತು. 3 ಜನ ಸತ್ತರು.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು, "ಬಿಸಿಲಲ್ಲಿ ನೋಡಿದ್ದು ಸಾಕು, ಜೋರು ಮಳೆಯಲ್ಲಿ ಒಂದು ಸಲ ಕೆಳಗೆ ನಿಂತು ನೋಡು" ಅಂದಿದ್ದರು. ಒಣಗಿದ ದಿನ ಕಾಣುವುದು ಬರೀ ಕಲೆ. ಮಳೆಯಲ್ಲಾದರೆ ನೀರು ಯಾವ ಜಾಯಿಂಟಿನಿಂದ ಇಳಿದು, ಯಾವ ಬೇರಿಂಗ್ ಮೇಲೆ ಬಿದ್ದು, ಗರ್ಡರಿನ ಯಾವ ತುದಿಯಲ್ಲಿ ನಿಲ್ಲುತ್ತದೆ ಅಂತ ಪೂರ್ತಿ ದಾರಿ ತೋರಿಸಿಕೊಡುತ್ತದೆ. ಆ ದಾರಿಯನ್ನು ನಕ್ಷೆಯ ಮೇಲೆ ಗೀಚಿಕೊಂಡರೆ ಸಾಕು, ಮುಂದಿನ ಸಲ ಎಲ್ಲಿ ಮೊದಲು ಸುತ್ತಿಗೆ ತಟ್ಟಬೇಕು ಅಂತ ಗೊತ್ತಾಗುತ್ತದೆ. ನದಿಯೊಳಗಿನ ಅಡಿಪಾಯದ ಮಾತು ಬೇರೆ. ಅಲ್ಲಿ ಮುಳುಗಿ ನೋಡುವವರೇ ಬೇಕು. ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಸೇತುವೆ 1987ರಲ್ಲಿ ಬಿದ್ದು 10 ಜನ ಸತ್ತದ್ದು ಪ್ರವಾಹ ಕಂಬದ ಬುಡವನ್ನು ಕೊರೆದಿದ್ದರಿಂದ. ಮೇಲೆ ನಿಂತು ಎಷ್ಟು ನೋಡಿದರೂ ಅದು ಕಾಣುವುದಿಲ್ಲ.

ಭಾರದ ಲೆಕ್ಕವನ್ನೂ ಸುಮ್ನೆ ನಂಬಬಾರದು. ಫರ್ನ್ ಹಾಲೋದಲ್ಲಿ ಲೆಕ್ಕಕ್ಕೆ ಹಿಡಿದಿದ್ದಕ್ಕಿಂತ ಡಾಂಬರು ತುಂಬಾ ದಪ್ಪ ಇತ್ತು. ಪದರದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ನುಣ್ಣಗಾಗುತ್ತದೆ, ಸೇತುವೆ ಸದಾ ಹೊರಬೇಕಾದ ಭಾರವೂ ಜಾಸ್ತಿಯಾಗುತ್ತದೆ. ಹಾಗಾಗಿ ನಾವು ಡಾಂಬರಿನ ದಪ್ಪವನ್ನು ಅಳೆದೇ ಬರೆಯುತ್ತೇವೆ. ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಬಿದ್ದ ಸೇತುವೆಯ ಮೇಲೂ ಆ ಹೊತ್ತಿಗೆ ರಸ್ತೆ ಕೆಲಸದ ಸಾಮಾನು, ಯಂತ್ರಗಳ ಭಾರ ಇತ್ತು. 13 ಜನ ಸತ್ತರು. ಅಲ್ಲಿ ಉಕ್ಕಿನ ತೊಲೆಗಳನ್ನು ಜೋಡಿಸುವ ಗಸೆಟ್ ಪ್ಲೇಟುಗಳು ವಿನ್ಯಾಸದಲ್ಲೇ ಇರಬೇಕಾದ ದಪ್ಪದ ಅರ್ಧದಷ್ಟಿದ್ದವು. ಆ ಪ್ಲೇಟುಗಳು ಬಾಗಿರುವುದು 2003ರ ಫೋಟೊಗಳಲ್ಲೇ ಕಾಣುತ್ತದೆ. ಫೋಟೊ ಇತ್ತು. ಇದು ಯಾಕೆ ಬಾಗಿದೆ ಅಂತ ಕೇಳಿದವರಿರಲಿಲ್ಲ.

ಅದಕ್ಕೇ ನಮ್ಮ ತಂಡದಲ್ಲಿ "ಸ್ವಚ್ಛ ಮಾಡಿಸಬೇಕು" ಅಂತ ಬರೆದು ಬಿಡುವುದನ್ನು ನಿಲ್ಲಿಸಿದ್ದೇವೆ. ಈ ಜಾಗದ ಉಕ್ಕು ಮೂಲದಲ್ಲಿ ಎಷ್ಟು ದಪ್ಪ ಇತ್ತು, ಹೋದ ಸಲ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಅಂತ ಬರೆಯುತ್ತೇವೆ. ಹಳೆಯ ಫೋಟೊ, ಹೊಸ ಫೋಟೊ ಅಕ್ಕಪಕ್ಕ ಇಡುತ್ತೇವೆ. ಇದೇ ಮಾತನ್ನು ಎಷ್ಟನೇ ಸಲ ಹೇಳುತ್ತಿದ್ದೇವೆ, ಯಾರು ಯಾವಾಗ ಉತ್ತರ ಕೊಟ್ಟರು ಅನ್ನುವುದೂ ಇರುತ್ತದೆ. ಹೀಗೆ ಬರೆದರೆ ಕೆಲವರಿಗೆ ಇಷ್ಟವಾಗುವುದಿಲ್ಲ. ಆದರೆ ಆ ಸೇತುವೆ ಮೇಲೆ ಶಾಲೆ ಮಕ್ಕಳ ಬಸ್ಸು ಹೋಗುತ್ತದೆ ಅಲ್ವಾ?

ಎಲ್ಲವೂ ವರದಿಗಾಗಿ ಕಾಯುವಂಥದ್ದೂ ಅಲ್ಲ. 2021ರ ಮೇ 11ರಂದು ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ದೊಡ್ಡ ಸೇತುವೆಯ ತಪಾಸಣೆ ನಡೆಯುತ್ತಿತ್ತು. ಮುಖ್ಯ ಉಕ್ಕಿನ ತೊಲೆಯೊಂದು ಸೀಳಿರುವುದು ಕಂಡಿತು. ತಪಾಸಣೆಯವರು ಅಲ್ಲಿಂದಲೇ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ ವಾಹನಗಳನ್ನು ನಿಲ್ಲಿಸಿ ಅಂದರು. ಕೆಳಗೆ ಹಡಗುಗಳ ಓಡಾಟವನ್ನೂ ನಿಲ್ಲಿಸಿದರು. ಸೇತುವೆ ಸುಮಾರು 3 ತಿಂಗಳು ಮುಚ್ಚಿತ್ತು, ಜನರಿಗೆ ಬಹಳ ತೊಂದರೆಯಾಯಿತು. ಯಾರಿಗೂ ಗಾಯವಾಗಲಿಲ್ಲ. ಅದೇ ಬಿರುಕು 2019ರ ಡ್ರೋನ್ ವಿಡಿಯೊದಲ್ಲೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ಆ ಫೋನ್ ಕರೆಯ ವಿಷಯ ತಿಳಿದ ಮೇಲೆ ನಾನು ಪ್ರತಿ ಸೇತುವೆಯ ಕಡತದ ಮೊದಲ ಪುಟದಲ್ಲಿ, ಅಲ್ಲಿ ಸಂಚಾರ ನಿಲ್ಲಿಸುವ ಅಧಿಕಾರ ಇರುವವರ ನಂಬರ್ ಬರೆಸುತ್ತಿದ್ದೇನೆ. ಕೆಳಗೆ ಇಳಿಯುವ ಮೊದಲು ಹೊಸಬರು ಆ ನಂಬರಿಗೆ ಒಮ್ಮೆ ಕರೆ ಮಾಡಿ, ಈವತ್ತು ಈ ಸೇತುವೆಯಲ್ಲಿ ಇರುತ್ತೇವೆ ಅಂತ ಹೇಳಬೇಕು. ಕೆಲವೊಮ್ಮೆ ಆ ಅಧಿಕಾರಿಗೆ ವರ್ಗವಾಗಿ ಎಷ್ಟೋ ದಿನವಾಗಿರುತ್ತದೆ. ಆಗ ಹೊಸ ನಂಬರ್ ಸಿಗುವವರೆಗೆ ನಾವು ಕೆಲಸ ಶುರು ಮಾಡುವುದಿಲ್ಲ.