ಸುಣ್ಣಕ್ಕೆ ನೀಲಿ

ಷಿಕಾಗೋ ಹೊರವಲಯದ ನಮ್ಮ ಮನೆಯ ಗರಾಜಿನಲ್ಲಿ, ಕಳೆದ ಜನವರಿಯ ಒಂದು ಶನಿವಾರ ಬೆಳಿಗ್ಗೆ, ಹೆಬ್ಬೆರಳಿಗಿಂತ ಸ್ವಲ್ಪವೇ ಎತ್ತರವಿರುವ ಆರು ಯುದ್ಧಯಂತ್ರಗಳನ್ನು ರಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ ಬಿಳಿ ಪ್ರೈಮರ್ ಸಿಂಪಡಿಸಿದೆ. ಚಳಿಯಲ್ಲಿ ಬಳಸಬಾರದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಬಾಗಿಲು ಮುಚ್ಚಿದ ಗರಾಜು ಅಷ್ಟೇನೂ ತಣ್ಣಗಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ತಣ್ಣಗಾದ ಡಬ್ಬಿಯೊಳಗೆ ಒತ್ತಡ ಕುಸಿದಿದ್ದರಿಂದ ಬಣ್ಣ ಮಂಜಿನಂತೆ ಹರಡುವ ಬದಲು ಹನಿಹನಿಯಾಗಿ ಉಗುಳಿ, ಕವಚದ ಸಂದುಗಳೂ ಕ್ಷಿಪಣಿಯ ರಂಧ್ರಗಳೂ ಮುಚ್ಚಿಹೋಗಿ, ಆರೂ ಗೊಂಬೆಗಳು ಮೊಸರಿನಲ್ಲಿ ಅದ್ದಿ ತೆಗೆದ ವಡೆಗಳಂತೆ ಕಂಡವು.

ಇವು ಚಾಲಕ ಒಳಗೆ ಕುಳಿತು ನಡೆಸುವ ದೈತ್ಯ ರೋಬಾಟ್‌ಗಳು ಕಾದಾಡುವ ಬ್ಯಾಟಲ್‌ಟೆಕ್ ಎಂಬ ಆಟದ ಗೊಂಬೆಗಳು. 1984ರಲ್ಲಿ ಇದೇ ಷಿಕಾಗೋದ ಫಾಸಾ ಎಂಬ ಸಂಸ್ಥೆ ಈ ಆಟವನ್ನು ಬ್ಯಾಟಲ್‌ಡ್ರಾಯ್ಡ್ಸ್ ಎಂಬ ಹೆಸರಿನಲ್ಲಿ ಹೊರತಂದಿತು; ‘ಡ್ರಾಯ್ಡ್’ ಪದದ ಮೇಲೆ ಸ್ಟಾರ್ ವಾರ್ಸ್ ಚಿತ್ರಗಳ ಸಂಸ್ಥೆ ಲೂಕಾಸ್‌ಫಿಲ್ಮ್ ಹಕ್ಕು ಸಾಧಿಸಿದ್ದರಿಂದ ಮರುವರ್ಷ ಹೆಸರು ಬದಲಾಯಿತು. ಷಟ್ಕೋನದ ಮನೆಗಳಿರುವ ನಕ್ಷೆಯ ಮೇಲೆ ಎರಡು ದಾಳ ಉರುಳಿಸಿ ಆಡುವ ಆಟ. ಇಪ್ಪತ್ತು ಟನ್ನಿನ ಲೋಕಸ್ಟ್‌ನಿಂದ ಹಿಡಿದು ಎಂಬತ್ತೈದು ಟನ್ನಿನ ಬ್ಯಾಟಲ್‌ಮಾಸ್ಟರ್‌ವರೆಗೆ ಪ್ರತಿ ಯಂತ್ರಕ್ಕೂ ಅದರದೇ ಲೆಕ್ಕದ ಹಾಳೆಯಿದೆ. ಬಣ್ಣದಿಂದ ಆಟದ ಫಲಿತಾಂಶ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದರೂ ಯಾವ ಪಡೆಯ ಬಣ್ಣ ಎಂಬ ಪ್ರಶ್ನೆಗೆ ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ.

ಕೊನೆಗೆ ಆರಿಸಿದ್ದು ಕಾಮ್‌ಸ್ಟಾರ್. ಆಟದ ಕಥೆಯಲ್ಲಿ ಅದು ನಕ್ಷತ್ರಗಳ ನಡುವೆ ಸಂದೇಶ ಸಾಗಿಸುವ, ಅರ್ಧ ಟೆಲಿಫೋನ್ ಇಲಾಖೆ, ಅರ್ಧ ಮಠ ಎನ್ನಬಹುದಾದ ಸಂಸ್ಥೆ. ಕಥೆಯಲ್ಲಿ ಪರಸ್ಪರ ಕಾದಾಡುವ ರಾಜಮನೆತನಗಳು ನಾಲ್ಕು ಯಂತ್ರಗಳ ತುಕಡಿ ಕಟ್ಟಿದರೆ ಇವರದು ಆರರ ತುಕಡಿ, ಯಂತ್ರಗಳಿಗೆ ಬಿಳಿ ಬಣ್ಣ. ಬಿಳಿಯೆಂದರೆ ಸುಲಭ, ಒಂದೇ ಬಣ್ಣದಲ್ಲಿ ಕೆಲಸ ಮುಗಿಯುತ್ತದೆ ಎಂಬ ಸೋಮಾರಿ ಲೆಕ್ಕಾಚಾರವೂ ಆ ಆಯ್ಕೆಯ ಹಿಂದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಮಧ್ಯಾಹ್ನವಿಡೀ ತೊಳೆಯುವುದರಲ್ಲೇ ಕಳೆಯಿತು. ಖಾಲಿಯಾದ ಉಪ್ಪಿನಕಾಯಿ ಬಾಟಲಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸುರಿದು ಗೊಂಬೆಗಳನ್ನು ನೆನೆಹಾಕಿ, ಬಣ್ಣ ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದನ್ನೂ ಉಜ್ಜಿದೆ. ಬ್ರಷ್‌ನಿಂದ ಹಚ್ಚುವ ಪ್ರೈಮರ್ ಅನ್ನು ಈ ಬಾರಿ ಮನೆಯೊಳಗೇ ಹಚ್ಚಿ, ಸಂಜೆ ಊಟದ ಮೇಜಿನ ಮೇಲೆ ಬಿಳಿ ಅಕ್ರಿಲಿಕ್ ತೆಗೆದುಕೊಂಡು ಕುಳಿತೆ. ಅದೂ ಕೈಕೊಟ್ಟಿತು. ನೀರು ಹೆಚ್ಚಾದರೆ ಬಣ್ಣ ಸಂದುಗಳಿಗೆ ಓಡಿ ಅಂಚುಗಳು ಬೋಳಾಗುತ್ತಿದ್ದವು. ಕಡಿಮೆಯಾದರೆ ಸೀಮೆಸುಣ್ಣ ಅರೆದು ಮೆತ್ತಿದಂತೆ ತರಿತರಿಯಾಗುತ್ತಿತ್ತು. ಮೂರು ಪದರ ಹಚ್ಚಿದ ಲೋಕಸ್ಟ್ ನೆರಳಿಲ್ಲ ಬೆಳಕಿಲ್ಲ ಎಂಬಂತೆ ಸಪ್ಪಗೆ ನಿಂತಿತ್ತು.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೊ ಕರೆ ಬಂತು. ಅಲ್ಲಿ ಆಗಲೇ ಭಾನುವಾರದ ಬೆಳಗು. ಏನು ಮಾಡುತ್ತಿದ್ದೀಯೆಂದು ಕೇಳಿದ್ದಕ್ಕೆ ಲೋಕಸ್ಟನ್ನು ಕ್ಯಾಮೆರಾದ ಮುಂದೆ ಹಿಡಿದೆ. ಈ ವಯಸ್ಸಿನಲ್ಲಿ ಗೊಂಬೆಯೇ ಎಂದು ಆಕೆ ನಗಬಹುದೆಂದುಕೊಂಡಿದ್ದೆ. ಪ್ರತಿ ದಸರೆಗೆ ಪಟ್ಟದ ಗೊಂಬೆ ಇಳಿಸಿ ಒರೆಸಿ ಕೂರಿಸುವವಳಿಗೆ ಅದು ವಿಚಿತ್ರವೆನಿಸಲಿಲ್ಲವೋ ಏನೋ.

“ಅದ್ಯಾಕೋ ಹಾಗೆ ಮಂಕಾಗಿದೆ? ನೀಲಿ ಹಾಕದೆ ಸುಣ್ಣ ಹೊಡೆದ ಗೋಡೆ ಥರ ಇದೆ” ಎಂದಳು.

ನಮ್ಮ ಹಳೆಯ ಮನೆಗೆ ಹಬ್ಬದ ಮುಂಚೆ ಸುಣ್ಣ ಹೊಡೆಸುವಾಗ, ಬಕೆಟ್ಟಿನ ಸುಣ್ಣದ ನೀರಿಗೆ ಅಮ್ಮ ಒಂದು ಚಿಟಿಕೆ ನೀಲಿ ಹಾಕಿ ಕೋಲಿನಿಂದ ಕಲಕುತ್ತಿದ್ದುದು ಕಣ್ಣಿಗೆ ಕಟ್ಟಿತು. ಹಳದಿ ಛಾಯೆಯನ್ನು ನೀಲಿ ಅಡಗಿಸಿದಾಗಲೇ ಕಣ್ಣು ಅದನ್ನು ಅಚ್ಚ ಬಿಳಿಯೆಂದು ಒಪ್ಪುತ್ತದೆ. ಬಿಳಿ ಅಂಗಿಗೂ ಅದೇ ಉಪಚಾರ. ಇಷ್ಟೆಲ್ಲ ಗೊತ್ತಿದ್ದೂ ನಾನು ಬಿಳಿಯನ್ನು ಬಿಳಿಯಿಂದಲೇ ಮಾಡಲು ಹೊರಟಿದ್ದೆ.

ಉಳಿದ ಐದು ಗೊಂಬೆಗಳಿಗೆ ಮೊದಲು ನೀಲಿ ಬೆರೆತ ತಿಳಿ ಬೂದು ಹಚ್ಚಿದೆ. ಅದೇ ಬೂದನ್ನು ಇನ್ನಷ್ಟು ಗಾಢವಾಗಿಸಿ, ನೀರಿನಂತೆ ತೆಳುಮಾಡಿ, ಸಣ್ಣ ಕುಂಚದ ತುದಿಯಿಂದ ಕವಚದ ಗೆರೆಗಳಲ್ಲಿ ಮಾತ್ರ ಹರಿಸಿದೆ. ಅಚ್ಚ ಬಿಳಿಯನ್ನು ಕೊನೆಗೆ, ಬೆಳಕು ಬೀಳುವ ಕಡೆ ಮಾತ್ರ ಇಟ್ಟೆ: ಬ್ಯಾಟಲ್‌ಮಾಸ್ಟರ್‌ನ ಭುಜ, ಶ್ಯಾಡೋ ಹಾಕ್‌ನ ಹೆಗಲ ಫಿರಂಗಿಯ ಮೇಲಂಚು, ಕ್ಯಾಟಪಲ್ಟ್‌ನ ಕ್ಷಿಪಣಿ ಪೆಟ್ಟಿಗೆಗಳ ನೆತ್ತಿ. ಮೈಯ ಬಹುಭಾಗ ಬೂದಾಗಿಯೇ ಉಳಿಯಿತು, ಆದರೆ ಕೈಯಳತೆಯ ದೂರದಲ್ಲಿ ಹಿಡಿದು ನೋಡಿದರೆ ಬಿಳಿಯೇ. ಚಾಲಕನ ಗಾಜಿಗೆ ಮಾತ್ರ ಕಿತ್ತಳೆ ಆರಿಸಿಕೊಂಡು, ಒಂದು ಮೂಲೆಯಲ್ಲಿ ಗಾಢ, ಎದುರು ಮೂಲೆಯಲ್ಲಿ ತಿಳಿ ಮಾಡಿ, ಗಾಢ ಮೂಲೆಯಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇಟ್ಟಾಗ ಎಂಬತ್ತು ಟನ್ನಿನ ಆಸಮ್ ಕಣ್ಣು ಬಿಟ್ಟಂತಾಯಿತು. ರಾತ್ರಿ ಒಂದು ಗಂಟೆಯಾಗಿತ್ತು. ಸಪ್ಪೆ ಲೋಕಸ್ಟನ್ನು ಮತ್ತೆ ಉಪ್ಪಿನಕಾಯಿ ಬಾಟಲಿಗೆ ಹಾಕಿ ಮಲಗಿದೆ.

ತೊಳೆಯುವಾಗ ಕಣ್ತಪ್ಪಿದ ಗರಾಜಿನ ಹನಿಯೊಂದು ಥಂಡರ್‌ಬೋಲ್ಟ್‌ನ ಬೆನ್ನಿನ ಮೇಲೆ ಮೊಡವೆಯಂತೆ ಇಂದಿಗೂ ಉಳಿದಿದೆ. ಈ ಆಟದಲ್ಲಿ ಹಿಂಬದಿಯ ಕವಚ ತೆಳುವಾದ್ದರಿಂದ ಎದುರಾಳಿಗೆ ಬೆನ್ನು ತೋರಿಸಬಾರದು. ನನ್ನ ಥಂಡರ್‌ಬೋಲ್ಟ್‌ಗೆ ಅದಕ್ಕೆ ಇನ್ನೊಂದು ಕಾರಣವೂ ಇದೆ.